ಕಡಲು ಕಲಿಸುವುದಾದರೆ ಬೆಳಗ್ಗೆ ಆರೂವರೆಗೆ ಬಂಡೆಯ ಮೇಲಿರಿ

ನಮಸ್ಕಾರ. ಈ ಮಾತು ಕಾರವಾರದಿಂದ ಭಟ್ಕಳದವರೆಗಿನ ಮಾಸ್ತರರಿಗೆ, ಅಕ್ಕೋರಿಗೆ. ಶಿರಸಿ, ಸಿದ್ದಾಪುರದಿಂದ ಮಕ್ಕಳನ್ನು ಕರೆದುಕೊಂಡು ಘಟ್ಟ ಇಳಿಯುವವರೂ ಕೇಳಿ.

ಕಡಲ ಸಂರಕ್ಷಣೆಯ ಹೆಸರಿನಲ್ಲಿ ಶಾಲೆಗಳು ವರ್ಷಕ್ಕೊಮ್ಮೆ ಏನು ಮಾಡುತ್ತವೆ ಎಂಬುದು ನಿಮಗೇ ಗೊತ್ತು. ಹನ್ನೊಂದು ಗಂಟೆಗೆ ಬಸ್ಸು ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಲ್ಲುತ್ತದೆ. ಬ್ಯಾನರ್ ಹಿಡಿದು ಕಸ ಹೆಕ್ಕಿ, ಫೋಟೊ ತೆಗೆಸಿಕೊಂಡು ಊಟಕ್ಕೆ ಹೋಗುತ್ತಾರೆ. ಕಸ ಹೆಕ್ಕಿದ್ದು ಒಳ್ಳೆಯದೇ. ಆದರೆ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಆ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ನೀರು ಏರಿರುತ್ತದೆ. ನೋಡಬೇಕಾದ ಜೀವಿಗಳೆಲ್ಲ ಮುಳುಗಿರುತ್ತವೆ. ಮಕ್ಕಳು ಕಡಲಿಗೆ ಹೋಗಿಯೂ ಕಡಲನ್ನು ನೋಡದೆ ವಾಪಸಾಗುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ನನ್ನ ವಾದ ಇಷ್ಟೇ. ಹತ್ತು ಕಡೆ ಒಂದೊಂದು ಸಲ ಹೋಗುವುದನ್ನು ಬಿಡಿ. ಒಂದೇ ಬಂಡೆಗೆ, ಇಳಿತದ ಹೊತ್ತಿಗೆ, ತಿಂಗಳಿಗೊಮ್ಮೆ ಹೋಗಿ. ಹೋದಾಗಲೆಲ್ಲ ಅಳೆದು ಬರೆದಿಡಿ.

ಮೊದಲು ಹೊತ್ತಿನ ಲೆಕ್ಕ. ದೊಡ್ಡ ಇಳಿತ ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಬರುತ್ತದೆ. ಆ ದಿನಗಳಲ್ಲಿ ಕಾರವಾರದ ಕಡೆ ನೀರು ತೀರಾ ಕೆಳಗಿಳಿಯುವುದು ಬೆಳಗಿನ ಹೊತ್ತು, ಇನ್ನೊಮ್ಮೆ ಸಂಜೆ. ಇಳಿತದ ಗಳಿಗೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಅಮಾವಾಸ್ಯೆಯಾಗಿ ಎರಡನೆಯ ದಿನ ಮಕ್ಕಳನ್ನು ಕರೆದೊಯ್ಯುವಷ್ಟು ಬೆಳಕೂ ಇರುತ್ತದೆ. ಅಂದಾಜಿನ ಮೇಲೆ ಹೊರಡಬೇಡಿ, ಉಬ್ಬರ-ಇಳಿತದ ಕೋಷ್ಟಕ ನೋಡಿ. ದಿನದ ಎರಡು ಇಳಿತಗಳು ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ, ಮೀಟರಿನ ಅಂಕಿ ಕಡಿಮೆ ಇರುವುದನ್ನು ಆರಿಸಿ. ನೀರು ತೀರಾ ಇಳಿಯುವ ಗಳಿಗೆಗಿಂತ ಒಂದು ತಾಸು ಮೊದಲೇ ಬಂಡೆಯ ಮೇಲಿರಬೇಕು. ನೀರಿನ ಹಿಂದೆಯೇ ಕೆಳಗಿಳಿಯುತ್ತ ಎಣಿಸಿ. ನೀರು ತಿರುಗಿದ ಕೂಡಲೇ ಮೇಲಕ್ಕೆ ಬನ್ನಿ. ಅದನ್ನೇ ನೋಡುತ್ತ ನಿಲ್ಲಲು ಒಬ್ಬರು ದೊಡ್ಡವರು ಬೇಕು, ಅವರ ಕೈಗೆ ಎಣಿಕೆ ಬರೆಯುವ ಪುಸ್ತಕ ಕೊಡಬೇಡಿ.

ಶಾಲೆ ಹತ್ತಕ್ಕೆ ಶುರು, ಬೆಳಗ್ಗೆ ಹೇಗೆ ಎಂದು ಕೇಳುವಿರಿ. ಮುಖ್ಯಾಧ್ಯಾಪಕರು ಗಟ್ಟಿಯಾಗಿ ನಿಲ್ಲಬೇಕಾದದ್ದು ಇಲ್ಲಿಯೇ. ಪಾಲಕರಿಗೆ ಮೊದಲೇ ಚೀಟಿ ಕಳಿಸಿ, ಆ ಒಂದು ದಿನ ತರಗತಿಯ ವೇಳೆ ಬದಲಾಯಿಸಿ. ಹನ್ನೊಂದು ಗಂಟೆಗೇ ಹೋಗುವುದಾದರೆ ಅದನ್ನು ಪ್ರವಾಸ ಎಂದೇ ಕರೆಯೋಣ.

ಈಗ ಸಾಮಾನು. ಬಂಡೆಯ ಮೇಲಿಟ್ಟು ಅದರೊಳಗಿನ ಜೀವಿಗಳನ್ನಷ್ಟೇ ಎಣಿಸಲು ಒಂದು ಚೌಕಟ್ಟು ಬೇಕು. ಅರ್ಧ ಇಂಚಿನ ಪಿವಿಸಿ ಪೈಪಿನ 50 ಸೆಂಟಿಮೀಟರಿನ ನಾಲ್ಕು ತುಂಡು, ನಾಲ್ಕು ಎಲ್ಬೋ. ಅಂಟು ಹಾಕದೆ ಜೋಡಿಸಿ ಒಳ ಅಳತೆ ನೋಡಿ, 50 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಕತ್ತರಿಸಿ, ಆಮೇಲೆ ಅಂಟಿಸಿ. ಪ್ರತಿ ಬದಿಗೂ ಮೂರ್ನಾಲ್ಕು ತೂತು ಕೊರೆಯಲೇಬೇಕು. ಒಳಗೆ ಗಾಳಿ ಉಳಿದರೆ ಹೊಂಡದ ನೀರಿನಲ್ಲಿ ಚೌಕಟ್ಟು ತೇಲಿ ಜಾಗ ಬಿಡುತ್ತದೆ. ಹತ್ತು ಹತ್ತು ಸೆಂಟಿಮೀಟರಿಗೆ ಬಲೆ ಹೆಣೆಯುವ ನೈಲಾನ್ ದಾರ ಬಿಗಿಯಾಗಿ ಕಟ್ಟಿದರೆ 25 ಮನೆ ಸಿಗುತ್ತವೆ. ಒಂದು ಮನೆ ಎಂದರೆ ಚೌಕಟ್ಟಿನ ಜಾಗದ ನೂರಕ್ಕೆ ನಾಲ್ಕು ಪಾಲು. ಪಾಚಿ, ಬಾರ್ನಕಲ್ (ಕಲ್ಲಿಗೆ ಅಂಟಿ ಬೆಳೆಯುವ ಗಟ್ಟಿ ಚಿಪ್ಪಿನ ಪುಟ್ಟ ಜೀವಿ), ಬಂಡೆಗೆ ಅಂಟಿದ ಸಿಂಪಿ ಇಂಥವನ್ನು ಎಷ್ಟು ಮನೆ ತುಂಬಿವೆ ಎಂದು ಬರೆಯಿರಿ. ಬಸವನಹುಳು, ಸನ್ಯಾಸಿ ಏಡಿಯಂಥ ಓಡಾಡುವವನ್ನು ತಲೆ ಎಣಿಸಿ.

ಚೌಕಟ್ಟು ಎಲ್ಲಿ ಇಡಬೇಕು? ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಮಕ್ಕಳ ಕೈಗೆ ಬಿಟ್ಟರೆ ಚಂದದ ಜೀವಿ ಕಂಡಲ್ಲಿ ಇಡುತ್ತಾರೆ, ದೊಡ್ಡವರೂ ಅದನ್ನೇ ಮಾಡುತ್ತಾರೆ. ಅದಕ್ಕೇ ಬಂಡೆಯ ಮೇಲ್ತುದಿಯಿಂದ ನೀರಿನ ಕಡೆಗೆ 30 ಮೀಟರಿನ ಟೇಪು ಎಳೆಯಿರಿ. 1ರಿಂದ 30ರವರೆಗಿನ ಚೀಟಿಗಳನ್ನು ಡಬ್ಬಿಗೆ ಹಾಕಿ ಐದು ಎತ್ತಿ, ಬಂದ ಮೀಟರಿನಲ್ಲೇ ಇಡಿ. ಅಲ್ಲಿ ಬರಿ ಕಲ್ಲಿದ್ದರೆ ಸೊನ್ನೆ ಬರೆಯಿರಿ. ಸೊನ್ನೆ ಬರೆಯಲು ಮಕ್ಕಳಿಗೆ ಮನಸ್ಸಾಗುವುದಿಲ್ಲ, ಏನೂ ಸಿಗಲಿಲ್ಲ ಎಂಬ ಬೇಸರ. ಆದರೆ ಆ ಸೊನ್ನೆಗಳಿಲ್ಲದೆ ಲೆಕ್ಕ ನಿಲ್ಲುವುದಿಲ್ಲ. ಕಳೆದ ತಿಂಗಳಿಗಿಂತ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುವುದು ಸೊನ್ನೆಯನ್ನೂ ಸೇರಿಸಿದ ಸರಾಸರಿ.

ಟೇಪಿನ ಎರಡು ತುದಿಗಳನ್ನು ಮುಂದಿನ ಸಲ ಹುಡುಕಲು ಫೋನಿನ ಜಿಪಿಎಸ್ ಸಾಲದು, ಅದು ಕೆಲವು ಮೀಟರು ಅತ್ತಿತ್ತ ತೋರಿಸುತ್ತದೆ. ಅಲುಗದ ಗುರುತುಗಳು ಕಾಣುವಂತೆ ನಾಲ್ಕು ದಿಕ್ಕಿನ ಫೋಟೊ ತೆಗೆದು ಪುಸ್ತಕಕ್ಕೆ ಅಂಟಿಸಿ.

ಒಂದೇ ಚೌಕಟ್ಟನ್ನು ಇಬ್ಬರು ಬೇರೆ ಬೇರೆ ಎಣಿಸಲಿ. ಅಂಕಿ ತಾಳೆಯಾಗದಿದ್ದರೆ ಬೈಯಬೇಡಿ. ಇಬ್ಬರೂ ಯಾವುದನ್ನು ಎಣಿಸಿದರು, ಯಾವುದನ್ನು ಬಿಟ್ಟರು ಎಂದು ಕೂತು ಮಾತಾಡಿಸಿ. ಬಿರುಕಿನೊಳಗೆ ಕಾಳಿನಷ್ಟೇ ದೊಡ್ಡ ಬಸವನಹುಳುಗಳು ಗುಂಪಾಗಿ ಕೂತಿರುತ್ತವೆ, ಒಬ್ಬ ಅವನ್ನು ನೋಡಿಯೇ ಇರುವುದಿಲ್ಲ. ಹೆಸರು ತಿಳಿಯದ ಜೀವಿಗೆ ‘ಹುಳು ಅ’ ಎಂದು ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವಿದೆ, ಕಾರವಾರದಲ್ಲೇ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಫೋಟೊ ಹಿಡಿದು ಕೇಳಲು ದೂರ ಹೋಗಬೇಕಿಲ್ಲ. ಜೀವಿಯನ್ನೇ ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಡಿ. ಹವಳ, ಕಡಲಕುದುರೆ, ಕಡಲಸೌತೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಕಲ್ಲು ಮಗುಚಿದರೆ ಮೊದಲಿದ್ದಂತೆಯೇ ಮತ್ತೆ ಇಡಿ. ಅಡಿಯಲ್ಲಿ ತಂಪಿಗೆ ಅಂಟಿಕೊಂಡ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ, ಮೇಲಿನ ಪಾಚಿ ಬೆಳಕಿಲ್ಲದೆ ಕೊಳೆಯುತ್ತದೆ. ಹವಾಯಿ ಚಪ್ಪಲಿ ಬೇಡ. ಪಾಚಿಯ ಮೇಲೆ ಜಾರಿ ಕೈಯೂರಿದರೆ ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ರಬ್ಬರ್ ಅಡಿಯ ಕ್ಯಾನ್ವಾಸ್ ಬೂಟು ಸಾಕು.

ಇನ್ನೊಂದು ವಿಷಯ, ಇದನ್ನು ಹೇಳದೆ ಬಿಡಲಾರೆ: ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ ನೆಡುವ ಕಾರ್ಯಕ್ರಮ. ಸಸಿ ಎಷ್ಟು ನೆಟ್ಟೆವು ಎಂಬ ಅಂಕಿಯ ಆಸೆಗೆ, ನೆಡಲು ಸುಲಭವಾಗಿ ಸಿಗುವ ಬಯಲು ಕೆಸರಿಗೆ ಇಳಿಯುತ್ತಾರೆ. ತೀರಾ ತಗ್ಗಿನ ಕೆಸರು ದಿನದ ಬಹುಪಾಲು ನೀರಿನಡಿ ಇರುತ್ತದೆ. ಅಲ್ಲಿ ಸಸಿಗೆ ಬಾರ್ನಕಲ್ ಹತ್ತಿ ಭಾರಕ್ಕೆ ಬಾಗುತ್ತದೆ, ಬೇರು ಹಿಡಿಯುವ ಮೊದಲೇ ಅಲೆ ಕಿತ್ತೊಯ್ಯುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಆ ಕೆಸರು ಖಾಲಿ ಜಾಗ ಎಂದು ಮಕ್ಕಳಿಗೆ ಹೇಳಿಕೊಡುವುದು. ಅಘನಾಶಿನಿ ಅಳಿವೆಗೆ 2024ರಲ್ಲಿ ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸರ್ ಮನ್ನಣೆ ಬಂತು. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವುದು ಅಂಥ ಬಯಲಿನಲ್ಲೇ. ಅದರ ಮೇಲೆ ಕಾಂಡ್ಲಾ ಎಬ್ಬಿಸಿದರೆ ಬಳಚಿನ ನೆಲ ಹೋಯಿತು, ಅವರ ದುಡಿಮೆಯೂ ಹೋಯಿತು. ನೆಡುವ ಮುಂಚೆ ಬಳಚು ಆರಿಸುವವರನ್ನು ಕೇಳಿ. ಈಗಾಗಲೇ ಕಾಂಡ್ಲಾ ತಾನಾಗಿ ಹುಟ್ಟುತ್ತಿರುವ ಮಟ್ಟಕ್ಕಿಂತ ಕೆಳಗೆ ಇಳಿಯಲೇಬೇಡಿ. ತಾನಾಗಿ ಮೊಳೆಯುತ್ತಿದ್ದರೆ ನೆಡುವ ಅಗತ್ಯವೇ ಇಲ್ಲ. ಆ ಮೊಳಕೆಗಳಿಗೆ ಗುರುತು ಕಟ್ಟಿ, ತಿಂಗಳು ತಿಂಗಳು ಎಷ್ಟು ಉಳಿದವು ಎಂದು ಎಣಿಸಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಗೆ ಇಳಿಯಬೇಡಿ. ಇಳಿತದ ಹೊತ್ತಿನಲ್ಲೂ ಅಲೆ ಎಳೆದೊಯ್ಯುತ್ತದೆ. ಆ ತಿಂಗಳುಗಳಲ್ಲಿ ತರಗತಿಯಲ್ಲೇ ಕೂತು ಎಣಿಸಿದ ಅಂಕಿಗಳ ನಕ್ಷೆ ಎಳೆಸಿ, ಪುಸ್ತಕವನ್ನು ಮುಂದಿನ ವರ್ಷದ ಮಕ್ಕಳ ಕೈಗೆ ಒಪ್ಪಿಸಿ. ಅಕ್ಟೋಬರಿನಲ್ಲಿ ಮೊದಲ ಸಲ ಹೋದಾಗ ಜೀವಿ ಎಣಿಸುವ ಮುಂಚೆ ಮರಳಿನ ಮಟ್ಟ ಅಳೆಯಿರಿ. ಮಳೆಗಾಲದ ಅಲೆ ದಂಡೆ ಕೊರೆದಿರುತ್ತದೆ, ಮಳೆ ನಿಂತ ಮೇಲೆ ಮರಳು ನಿಧಾನ ಮರಳುತ್ತದೆ. ಬಂಡೆಯ ಬುಡ ಎಷ್ಟು ಹೂತಿದೆ ಎಂದು ಬರೆಯದಿದ್ದರೆ, ಮರಳಿನಡಿ ಮುಚ್ಚಿಹೋದ ಸಿಂಪಿಯನ್ನು ಸತ್ತ ಸಿಂಪಿಯ ಲೆಕ್ಕಕ್ಕೆ ಸೇರಿಸಿಬಿಡುತ್ತೀರಿ.