ಓಕಿನಾವಾದಲ್ಲಿ ಬಾಡಿಗೆ ಮನೆ: ಸಮುದ್ರ ಬೇಕಾ, ಗಟ್ಟಿ ಗೋಡೆ ಬೇಕಾ?

ನಮಸ್ಕಾರ ಎಲ್ಲರಿಗೂ. ಈಗ ಕಾಣುತ್ತಿರುವುದು ನಾಹಾ, ಜಪಾನಿನ ಓಕಿನಾವಾ ಪ್ರಾಂತ್ಯದ ರಾಜಧಾನಿ. ಈ ತಾರಸಿಗಳನ್ನು ಸ್ವಲ್ಪ ಗಮನಿಸಿ. ಎಲ್ಲಿ ನೋಡಿದರೂ ಕಾಂಕ್ರೀಟು, ಎಷ್ಟೋ ಮನೆಗಳ ಮೇಲೆ ನೀರಿನ ಟ್ಯಾಂಕು. ಬೆಂಗಳೂರಿನ ಯಾವುದೋ ಹಳೇ ಬಡಾವಣೆ ಥರಾನೇ ಇದೆ ಅಲ್ವಾ?

ಇದಕ್ಕೆ ಕಾರಣ ಇದೆ. 1945ರ ಯುದ್ಧದಲ್ಲಿ ಇಲ್ಲಿನ ಊರುಗಳು ನೆಲಸಮವಾದವು. 1972ರವರೆಗೆ ಆಡಳಿತ ಅಮೆರಿಕದ ಕೈಯಲ್ಲಿತ್ತು. ಅವರ ಸೇನೆ ಕಾಂಕ್ರೀಟಿನಲ್ಲಿ ಕಟ್ಟಿತು, ಊರವರೂ ಅದನ್ನೇ ಹಿಡಿದರು. ಮರದ ಮನೆಗೆ ಇಲ್ಲಿ ಟೈಫೂನ್, ಅಂದರೆ ಚಂಡಮಾರುತದ ಕಾಟ, ಜೊತೆಗೆ ಗೆದ್ದಲು. ಇನ್ನು ಟ್ಯಾಂಕು ನೀರಿನ ಬರ ಕಂಡವರ ಎಚ್ಚರಿಕೆ. 1981-82ರಲ್ಲಿ ಹೆಚ್ಚು ಕಡಿಮೆ ಒಂದು ವರ್ಷ ನೀರು ಸರದಿಯ ಮೇಲೆ ಬರುತ್ತಿತ್ತು.

ಮನೆ ಹುಡುಕಲು ಹೊರಟಾಗ ನಮಗೂ ಸಮುದ್ರ ಕಾಣುವ ಮನೆಯ ಆಸೆ. ಪಶ್ಚಿಮ ಕರಾವಳಿಯ ಒನ್ನಾ ಅನ್ನೋ ಹಳ್ಳಿ ಕಡೆ ಒಂದು ಸಿಕ್ಕಿತು. ಕಿಟಕಿ ತೆಗೆದರೆ ಹಸಿರು, ನೀಲಿ, ಮತ್ತೆ ಹಸಿರು. ಬಾಲ್ಕನಿಗೆ ಹೋಗಿ ಕಂಬಿ ಹಿಡಿದೆ. ತುಕ್ಕು ಪದರ ಪದರವಾಗಿ ಅಂಗೈಗೆ ಬಂತು. ಎಸಿಯ ಹೊರಗಿನ ಡಬ್ಬ ನೋಡಿದರೆ ಸ್ಕ್ರೂಗಳಿಗೆ ತಲೆಯೇ ಇಲ್ಲ, ಉಪ್ಪುಗಾಳಿ ತಿಂದುಹಾಕಿತ್ತು. ಒಳಗೆ ಬಟ್ಟೆ ಬೀರುವಿನ ಬಾಗಿಲು ತೆಗೆದೆವು. ಗಪ್ಪಂತ ಬೂಷ್ಟಿನ ವಾಸನೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಆ ವಾಸನೆ ಗೊತ್ತು. ಇಲ್ಲಿ ಮೇ, ಜೂನ್ ಅಂದರೆ ಮಳೆ, ಆಮೇಲೆ ಸೆಕೆ ಮತ್ತು ಟೈಫೂನ್. ಮನೆ ನೋಡುವುದಾದರೆ ಮಳೆ ಬರುವಾಗಲೇ ಹೋಗಿ. ಮೊದಲು ಮೂಲೆಯ ಗೋಡೆ ಮುಟ್ಟಿ, ಆಮೇಲೆ ಸಮುದ್ರ ನೋಡಿ.

ದುಡ್ಡಿನ ವಿಷಯ ಬೇಗ ಹೇಳಿಬಿಡ್ತೀನಿ. ಬೆಂಗಳೂರಿನ ಥರ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿ ಇಲ್ಲಿಲ್ಲ. ಆದರೆ ಠೇವಣಿ, ಏಜೆಂಟ್ ಕಮಿಷನ್, ಬೆಂಕಿ ವಿಮೆ, ನಮ್ಮ ಬಾಡಿಗೆಗೆ ಜಾಮೀನು ನಿಲ್ಲುವ ಕಂಪನಿಗೆ ಶುಲ್ಕ, ಎಲ್ಲ ಒಟ್ಟಿಗೇ ಬರುತ್ತವೆ. ಕೆಲವು ಕಡೆ ಮಾಲೀಕರಿಗೆ ‘ರೇಕಿನ್’, ಅಂದರೆ ಮನೆ ಕೊಟ್ಟದ್ದಕ್ಕೆ ಕೃತಜ್ಞತೆಯ ಹಣ, ಕೊಡಬೇಕು. ಅದು ವಾಪಸ್ ಬರಲ್ಲ. ಎಷ್ಟೋ ಮನೆಗಳಲ್ಲಿ ಲೈಟು, ಗ್ಯಾಸ್ ಒಲೆ ಕೂಡ ನಾವೇ ತರಬೇಕು.

ನೋವಾಗಿದ್ದು ಬೇರೆ ವಿಷಯಕ್ಕೆ. ಏಜೆಂಟ್ ನಮ್ಮ ಎದುರೇ ಮಾಲೀಕರಿಗೆ ಫೋನ್ ಮಾಡಿ, “ವಿದೇಶದವರು, ಆಗಬಹುದಾ?” ಅಂತ ಕೇಳುತ್ತಿದ್ದರು. ಕೆಲವರು ಅಲ್ಲೇ ಬೇಡ ಅಂದರು. ಹೆಸರು, ಕೆಲಸ, ಸಂಬಳ, ಯಾವುದನ್ನೂ ಕೇಳಲೇ ಇಲ್ಲ. ಬಾಡಿಗೆ ಕೊಡೋಕೆ ತಯಾರಿರುವವರನ್ನು ಹೀಗೆ ಬಾಗಿಲಲ್ಲೇ ತಡೆಯುವುದು ಸರಿಯಲ್ಲ. ನಾನು ಇದನ್ನು ಎಲ್ಲಿ ಬೇಕಾದರೂ ಹೇಳ್ತೀನಿ.

ಸುತ್ತಾಡುವಾಗ ಒಂದು ಕಂಡೆ, ನಿಮಗೂ ತೋರಿಸಲೇಬೇಕು. ರಸ್ತೆ ನೇರ ಬಂದು ಗುದ್ದುವ ಗೋಡೆಯಲ್ಲಿ ಅಕ್ಷರ ಕೆತ್ತಿದ ಈ ಸಣ್ಣ ಕಲ್ಲು. ಇದು ಇಶಿಗಾಂತೋ. ಕೆಟ್ಟ ಶಕ್ತಿ ನೇರ ಬರುತ್ತದೆ, ತಿರುಗಲು ಬರಲ್ಲ, ಕಲ್ಲಿಗೆ ಬಡಿದು ಚೂರಾಗುತ್ತದೆ ಅನ್ನುವುದು ಇಲ್ಲಿನವರ ನಂಬಿಕೆ. ನಮ್ಮಲ್ಲಿ ಇಂಥದೇ ಗೋಡೆಗೆ ಗಣಪತಿ ಕೂರಿಸ್ತೀವಿ. ಅದನ್ನು ನೋಡಿದ ಮೇಲೆ ನನಗೆ ಈ ಊರು ಹತ್ತಿರವಾಯಿತು.

ಕೊನೆಗೆ ಮನೆ ಸಿಕ್ಕಿದ್ದು ನಾಹಾ ಪಕ್ಕದ ಊರು ಉರಾಸೋಯೆಯ ದಿಣ್ಣೆ ಮೇಲೆ. ಮೊನೊರೈಲು 2019ರಲ್ಲಿ ಇಲ್ಲಿಗೂ ಬಂತು. ಅದಿಲ್ಲದ ಊರುಗಳಲ್ಲಿ ಕಾರು ಬೇಕೇ ಬೇಕು. ಸಮುದ್ರ ದೂರ. ಆದರೆ ಬಾಲ್ಕನಿಗೆ ತೂತು ತೂತಿನ ಸಿಮೆಂಟ್ ಜಾಲಿ ಇದೆ, ಗಾಳಿ ಆಡುತ್ತೆ, ಬಿಸಿಲು ಹೊಡೆಯಲ್ಲ. ಬೀರು ತೆಗೆದೆವು, ವಾಸನೆ ಇಲ್ಲ.

ಮಾಲೀಕರು ವಯಸ್ಸಾದ ಅಮ್ಮ, ಕೆಳಗಿನ ಮನೆಯಲ್ಲೇ ಇರುತ್ತಾರೆ. ಯಾವ ದೇಶ ಅಂತ ಕೇಳಲಿಲ್ಲ. ಟೈಫೂನ್ ಬರುವ ಹಿಂದಿನ ದಿನವೇ ಬಾಲ್ಕನಿಯ ಹೂಕುಂಡ ಒಳಗೆ ಇಡ್ತೀರಾ, ಇಲ್ಲದಿದ್ದರೆ ಹಾರಿ ಪಕ್ಕದವರ ಕಿಟಕಿಗೆ ಬೀಳುತ್ತೆ ಅಂದರು. ಇಡ್ತೀವಿ ಅಂದೆವು. ಆ ವಾರವೇ ಸಹಿ ಹಾಕಿದೆವು.