ಬೆಂಕಿ ರೇಖೆಯ ಮೇಲೆ ಬಿದ್ದ ಎಲೆ

ಕೇಳುಗರಿಗೆ ನಮಸ್ಕಾರ.

2019ರ ಫೆಬ್ರುವರಿ 21ರಿಂದ ಸುಮಾರು ಐದು ದಿನ ಬಂಡೀಪುರ ಉರಿಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳು ಕಪ್ಪಾದವು. ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರ ನೋಡಿ ಕೊಟ್ಟ ಲೆಕ್ಕದಲ್ಲಿ ಸುಟ್ಟದ್ದು ಸುಮಾರು 4,420 ಹೆಕ್ಟೇರ್, ಅಂದರೆ 10,900 ಎಕರೆಗೂ ಹೆಚ್ಚು. ಬಿದಿರಿಗೆ ಬಿದಿರು ತಿಕ್ಕಿ ಕಿಡಿ ಹಾರಿತೆಂಬ ಹಳೆಯ ಮಾತನ್ನು ಬಿಡೋಣ. ಈ ಬೆಂಕಿ ಹಚ್ಚಿದ್ದು ಮನುಷ್ಯರು.

ಹಚ್ಚಿದ ಕಿಡಿ ಇಷ್ಟು ದೂರ ಹೋದದ್ದು ಹೇಗೆ? ಬೇಸಿಗೆಗೆ ಮುಂಚೆ ಕಾಡಿನ ರಸ್ತೆಗಳ ಪಕ್ಕದಲ್ಲಿ ಹುಲ್ಲು, ಪೊದೆ ಕಡಿದು, ಒಣಗಿಸಿ, ಸುಟ್ಟು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ತಡೆಯುವ ಬೋಳು ಪಟ್ಟಿ, ಮಾಡುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುವುದೇ ತಪ್ಪು. ತೇಗ, ದಿಂಡಿಗ ಎಲೆ ಉದುರಿಸುತ್ತಲೇ ಇರುತ್ತವೆ. ಜನವರಿಯಲ್ಲಿ ಬೋಳಾಗಿದ್ದ ರೇಖೆಯ ಮೇಲೆ ಫೆಬ್ರುವರಿಗೆ ತರಗೆಲೆ ಹಾಸಿರುತ್ತದೆ, ನೆಲದ ಬೆಂಕಿ ಅದರ ಮೇಲೆ ತೆವಳಿ ಆಚೆ ದಾಟುತ್ತದೆ. ಅದಕ್ಕೇ ರೇಖೆಯನ್ನು ಮತ್ತೆ ಮತ್ತೆ ಗುಡಿಸಬೇಕು. ರೇಖೆ ಸುಡುವುದನ್ನು ತಡಮಾಡಿದರೆ ಇನ್ನೂ ಕೆಟ್ಟದ್ದು: ಗಾಳಿ ಬಲಿತ ಮೇಲೆ ಸುಡಲು ಹೋದರೆ ಅದೇ ಕಾಡ್ಗಿಚ್ಚಾದೀತು.

ಇನ್ನೊಂದು ಕೇಡು ಲಾಂಟಾನಾ ಎಂಬ ಕಳೆಪೊದೆ. ಬರೀ ತರಗೆಲೆಯ ಬೆಂಕಿ ಮೊಣಕಾಲೆತ್ತರ ಉರಿದರೆ ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸಬಹುದು. ಒಣಗಿದ ಲಾಂಟಾನಾ ಪೊದೆಗೆ ತಗುಲಿತೆಂದರೆ ಜ್ವಾಲೆ ಆಳೆತ್ತರ ದಾಟಿ ಮರದ ಕೊಂಬೆಗೆ ಏಣಿ ಹಾಕುತ್ತದೆ. ಆಗ ಕೊಂಬೆ ಹಿಡಿದು ಹತ್ತಿರ ಹೋಗುವವನ ಜೀವಕ್ಕೇ ಅಪಾಯ.

ಬೆಟ್ಟದಲ್ಲಿ ಲೆಕ್ಕವೇ ಬೇರೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿ ಅದನ್ನು ಮೊದಲೇ ಕಾಯಿಸುತ್ತದೆ. ಉರಿಯ ಮೇಲ್ಗಡೆ ಯಾರೂ ನಿಲ್ಲಬಾರದು. ಪಕ್ಕಗಳಿಂದ ಬಡಿಯುತ್ತ ಅದನ್ನು ಕಿರಿದು ಮಾಡಬೇಕು. ಎದುರು ಬೆಂಕಿ ಕೊಡುವುದಾದರೆ, ಅಂದರೆ ಬರುವ ಉರಿಯ ಮುಂದಿನ ಹುಲ್ಲನ್ನು ನಾವೇ ಮೊದಲು ಸುಡುವುದಾದರೆ, ಗಾಳಿ ತಗ್ಗಿದ ಮೇಲೆ, ದಿಣ್ಣೆಯ ನೆತ್ತಿಯ ರೇಖೆಯಿಂದ, ಪಳಗಿದವರ ಕೈಯಲ್ಲಿ.

ಫೆಬ್ರುವರಿ 25ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ತೂಗುಬಕೆಟ್ಟಿನಲ್ಲಿ ನೀರು ತಂದು ಸುರಿದವು. ಕಾಲಿಡಲಾಗದ ಕಡಿದಾದ ಜಾಗಕ್ಕೆ ಅದು ದೊಡ್ಡ ನೆರವು. ಆದರೆ ಮೇಲಿನಿಂದ ಬಿದ್ದ ನೀರು ಉರಿಯನ್ನು ತಗ್ಗಿಸುತ್ತದೆ, ಕೆಂಡವನ್ನು ಹುಡುಕುವುದಿಲ್ಲ. ಅದು ಕಾಲ್ನಡಿಗೆಯವರ ಕೆಲಸ. ಬಿದ್ದ ದಿಮ್ಮಿ, ಟೊಳ್ಳು ಬುಡ, ಒಣ ಆನೆ ಲದ್ದಿ, ಇವು ಒಳಗೊಳಗೇ ಗಂಟೆಗಟ್ಟಲೆ ಹೊಗೆಯುತ್ತವೆ. ಇಳಿಜಾರಿನ ದಿಮ್ಮಿ ಬುಡ ಸುಟ್ಟು ಉರುಳಿದರೆ ಕೆಳಗಿನ ಹಸಿರು ಕಾಡಿಗೆ ಹೊಸ ಬೆಂಕಿ. ಅದು ಉರುಳದಂತೆ ಇಳಿಜಾರಿನ ಉದ್ದಕ್ಕೆ, ಮೇಲೆ-ಕೆಳಗಾಗಿ ತಿರುಗಿಸಿ, ಸುತ್ತ ಮಣ್ಣು ಕೆರೆದು, ಒಡೆದು, ಅಂಗೈ ಹಿಂಬದಿಯನ್ನು ಹತ್ತಿರ ಹಿಡಿದು ಕಾವು ನೋಡಬೇಕು. ಮರುದಿನ ಮಧ್ಯಾಹ್ನ, ಗಾಳಿ ಏಳುವ ಹೊತ್ತಿಗೆ, ಮತ್ತೊಮ್ಮೆ.