ಅಮ್ಮನನ್ನಲ್ಲ, ನನ್ನನ್ನು ಕೇಳಿ

ನಮಸ್ಕಾರ ಕೇಳುಗರೇ.

ನನಗೆ ಆಗ 17 ವರ್ಷ. ಅಮ್ಮನ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ. "ಇವಳು ಶಾಲೆಗೆ ಹೋಗ್ತಾಳಾ?" ಅಂತ ಡಾಕ್ಟರು ಅಮ್ಮನನ್ನು ಕೇಳಿದರು. ನಾನು ಹನ್ನೆರಡನೇ ಕ್ಲಾಸಿನಲ್ಲಿದ್ದೆ. ಎದುರಿಗೇ ಕೂತಿದ್ದೆ.

ನನಗಿರುವುದು ಅಕಾಂಡ್ರೋಪ್ಲೇಸಿಯಾ. ಒಂದು ಜೀನಿನ ಬದಲಾವಣೆಯಿಂದ ಕೈಕಾಲಿನ ಮೂಳೆ ಉದ್ದಕ್ಕೆ ಬೆಳೆಯುವುದಿಲ್ಲ. ಬುದ್ಧಿ ಎಲ್ಲರ ಹಾಗೇ ಬೆಳೆಯುತ್ತದೆ. ಇಂಥ 10 ಮಕ್ಕಳಲ್ಲಿ ಸುಮಾರು 8 ಮಕ್ಕಳ ಅಪ್ಪ ಅಮ್ಮ ಮಾಮೂಲಿ ಎತ್ತರದವರೇ. ಗ್ರಹಣದ ದಿನ ಹೊರಗೆ ಬಂದಿದ್ದೆ ಅಂತ ನನ್ನಮ್ಮ ವರ್ಷಗಟ್ಟಲೆ ಕೊರಗಿದಳು. ಕೇಳುತ್ತಿರುವ ತಾಯಂದಿರೇ, ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮುಂದೆ ಒಬ್ಬ ಆಪ್ತಸಮಾಲೋಚಕಿ ಸಿಕ್ಕರು. ಅಮ್ಮನನ್ನು ಹೊರಗೆ ಕೂರಿಸಿ, "ನೀವು ಹೇಳಿ" ಅಂದರು. ನನಗೆ 'ನೀವು'! ಆವತ್ತು ತುಂಬಾ ಅತ್ತೆ. ಎತ್ತರಕ್ಕಲ್ಲ, ಪಿಕ್‌ನಿಕ್ಕಿಗೆ ನನ್ನನ್ನು ಕರೆಯದ ಗೆಳತಿಯರಿಗಾಗಿ.

ಆದರೆ ಮುಂಬೈಯ ಲೋಕಲ್ ರೈಲು ಹತ್ತುವಾಗ ಯಾವ ಕಂಬಿ ಹಿಡಿಯಬೇಕು, ಕುರ್ತಾದ ತೋಳು ಎಲ್ಲಿಗೆ ಕತ್ತರಿಸಬೇಕು? ಇದನ್ನು ಹೇಳಿಕೊಟ್ಟವಳು ದಾದರ್ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಮಾಟುಂಗಾದ ಒಬ್ಬ ಅಕ್ಕ. ನನ್ನಷ್ಟೇ ಎತ್ತರ. "ಯಾರಾದ್ರೂ ಫೋಟೋ ತೆಗೆದ್ರೆ ತಲೆ ತಗ್ಗಿಸ್ಬೇಡ. ಡಿಲೀಟ್ ಮಾಡಿ ಅಂತ ಜೋರಾಗಿ ಹೇಳು" ಅಂದಳು. ಅಂಗವಿಕಲರ ಡಬ್ಬಾ ತೋರಿಸಿದ್ದೂ ಅವಳೇ. ನಾಚಿಕೆಯಿಂದ ನಾನು ಅದುವರೆಗೆ ಅದನ್ನು ಹತ್ತಿರಲಿಲ್ಲ.

ಈಗ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ. ದೊಡ್ಡವರಾದ ಮೇಲೂ ಎತ್ತರ 4 ಅಡಿ 10 ಇಂಚು ದಾಟದಂತೆ ಮಾಡುವ ದೈಹಿಕ ತೊಂದರೆಯನ್ನು ಅದು ಅಂಗವೈಕಲ್ಯ ಅಂತ ಒಪ್ಪುತ್ತದೆ. ಸರ್ಟಿಫಿಕೇಟ್ ಮಾಡಿಸಿ, ಸಂಕೋಚ ಬೇಡ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ, ದುಡ್ಡಿಲ್ಲ.

ಡೊಂಬಿವಲಿಯ ನನ್ನ ಮನೆಯಲ್ಲಿ ಈಗ ಭಾನುವಾರ ಒಂದಷ್ಟು ಹುಡುಗ ಹುಡುಗಿಯರು ಸೇರುತ್ತಾರೆ. ಸುಮ್ನೆ ಚಹಾ, ಮಾತು. ಒಬ್ಬ ಹುಡುಗ ಮೂರು ವಾರ ಬಾಯಿಯೇ ಬಿಡಲಿಲ್ಲ. ಅವನ ಪರವಾಗಿ ಅವನಮ್ಮ ಮಾತಾಡುತ್ತಿದ್ದರು. ನಾಲ್ಕನೇ ವಾರ ಅವರನ್ನು ಅಡುಗೆಮನೆಗೆ ಕರೆದೆ. ಹೊರಗೆ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಮಾತು ಬಂತು. ನಮ್ಮಂಥವನೇ ಆದ ನವದೀಪ್ ಸಿಂಗ್, ಜಾವೆಲಿನ್‌ನಲ್ಲಿ ಚಿನ್ನ. "47.32 ಮೀಟರ್" ಅಂತ ಯಾರೋ ತಟ್ಟನೆ ಅಂದರು. ಆ ಹುಡುಗನೇ! ಅಮ್ಮ ಸೌಟು ಹಿಡಿದು ಹಾಗೇ ನಿಂತುಬಿಟ್ಟರು.

ಆಮೇಲೆ ಕೇಳಿದ: "ಅಕ್ಕಾ, ನಂಗೆ ಸ್ಕೂಟರ್ ಓಡಿಸೋಕಾಗುತ್ತಾ?" ನಮ್ಮಲ್ಲೊಬ್ಬಳು ಪಕ್ಕಚಕ್ರ ಹಾಕಿಸಿದ ಸ್ಕೂಟರಿನಲ್ಲೇ ಆಫೀಸಿಗೆ ಹೋಗುತ್ತಾಳೆ. ಚಹಾ ಅರ್ಧಕ್ಕೇ ಬಿಟ್ಟು, ಕೀಲಿ ತಗೊಂಡು, ಅವನನ್ನು ಕೆಳಗೆ ಕರೆದುಕೊಂಡು ಹೋದಳು.